ನೋಡಿ ಬರೆದದ್ದು

ಟ್ಯಾಬ್‌ನಲ್ಲಿ ಚಿತ್ರ ಬರೆಯುವವರನ್ನು ಯಾರೂ ಸುಲಭವಾಗಿ ನಂಬುವುದಿಲ್ಲ. ಫೋಟೊ ಇಟ್ಟುಕೊಂಡು ಅದರ ಮೇಲೆ ಗೀಚಿದ್ದಾರೆ, ಇಲ್ಲವೇ ಒಂದು ಗುಂಡಿ ಒತ್ತಿದರೆ ಅದೇ ಬರೆದುಕೊಟ್ಟಿದೆ ಅನ್ನುತ್ತಾರೆ. ಅದಕ್ಕೇ ಜಿಲ್ಲೆಯ ನಾವು ಹದಿನೈದಿಪ್ಪತ್ತು ಜನ ಮಾಡಿಕೊಂಡಿರುವ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ರೂಢಿ ಬೆಳೆದಿದೆ. ಜಾಗದಲ್ಲೇ ಕೂತು ಬರೆದ ಚಿತ್ರವಾದರೆ ಕೆಳಗೆ ‘ನೋಡಿ ಬರೆದದ್ದು’ ಎಂದು ಹಾಕುತ್ತೇವೆ. ಎರಡೇ ಪದ. ಅವು ಇದ್ದರೆ ಮೆಚ್ಚುಗೆ ಸ್ವಲ್ಪ ಹೆಚ್ಚು ಬರುತ್ತದೆ.

ನಾನು ಹಾಕಿದ ಆ ಎರಡು ಪದ ಈಗ ಒಂದು ಸರ್ಕಾರಿ ಕಡತದಲ್ಲಿವೆ. ಅವುಗಳ ಮೇಲೆ ನನ್ನ ಚಿತ್ರ, ಮೂಲೆಯಲ್ಲಿ ಸಮಯ: ಹನ್ನೊಂದು ನಲವತ್ತು. ಒಬ್ಬ ಹೆಂಗಸು ಕಾಲು ಕಳೆದುಕೊಂಡದ್ದು ಅವಳದೇ ತಪ್ಪಿನಿಂದ ಎನ್ನುವುದಕ್ಕೆ ಆ ಚಿತ್ರವೇ ಸಾಕ್ಷಿ.

ನಾನು ಮಾಲೂರಿನ ಒಂದು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಕೋಲಾರದಲ್ಲಿ ಬಿ.ಎಸ್ಸಿ. ಓದುವಾಗ ರೆಕಾರ್ಡ್ ಪುಸ್ತಕದ ಚಿತ್ರಗಳನ್ನು ಗೆಳತಿಯರಿಗೂ ನಾನೇ ಬರೆದುಕೊಡುತ್ತಿದ್ದೆ, ಕೈಗೆ ಅಷ್ಟೇ ಅಭ್ಯಾಸ. ಟ್ಯಾಬ್ ಕೊಂಡಮೇಲೆ ಅದು ಹುಚ್ಚಾಯಿತು. ಗಾಜಿನ ಮೇಲೆ ಪೆನ್ನು ಜಾರುತ್ತದೆಂದು ಒರಟು ಹಾಳೆಯಂಥ ಒಂದು ಪೊರೆ ಅಂಟಿಸಿಕೊಂಡೆ. ಆಮೇಲೆ ಸೀಸದ ಕಡ್ಡಿ ಕಾಗದದ ಮೇಲೆ ಉಜ್ಜಿದ ಸದ್ದೇ ಬರತೊಡಗಿತು. ಭಾನುವಾರ ಬೆಳಿಗ್ಗೆ ಮಾಲೂರಿನಿಂದ ರೈಲು ಹತ್ತಿ ಟೇಕಲ್‌ನಲ್ಲಿ ಇಳಿಯುವುದು, ಅಲ್ಲಿಂದ ಚಿಕ್ಕಮ್ಮನ ಊರಿಗೆ ಆಟೋ, ಚಿಕ್ಕಮ್ಮನ ಮನೆಯಲ್ಲಿ ತಿಂಡಿ ತಿಂದು ಕೆರೆ ಏರಿಯ ಹೊಂಗೆಮರದ ಕೆಳಗೆ ಕೂರುವುದು. ಎದುರಿಗೆ ಎರಡು ಹೊಲ ದಾಟಿದರೆ ಬಂಡೆ. ಊರವರು ಕ್ವಾರಿ ಅನ್ನುವುದಿಲ್ಲ, ಬಂಡೆ ಅಂತಲೇ ಅನ್ನುತ್ತಾರೆ. ಅರ್ಧ ಗುಡ್ಡ ಕೊಯ್ದು ತೆಗೆದಿದ್ದಾರೆ. ಕೊಯ್ದ ಭಾಗ ಬೆಳಗಿನ ಬಿಸಿಲಿಗೆ ಬೂದು, ಗುಲಾಬಿ, ನೀಲಿ, ಏನೇನೋ ಬಣ್ಣ ತೋರಿಸುತ್ತದೆ. ಬರೆಯುವವರಿಗೆ ಅಂಥ ಜಾಗ ಸುಲಭಕ್ಕೆ ಸಿಕ್ಕುವುದಿಲ್ಲ.

ಬಂಡೆಗೆ ಹೋಗುವ ಕಾಲುದಾರಿಯ ಬಾಯಲ್ಲಿ, ಒಂದು ಬೇವಿನ ಮರದ ಪಕ್ಕ, ಕಬ್ಬಿಣದ ಪೈಪು ನೆಟ್ಟಿದ್ದಾರೆ. ಮದ್ದಿಟ್ಟು ಕಲ್ಲು ಸಿಡಿಸುವ ದಿನ ಅದಕ್ಕೆ ಕೆಂಪು ಬಟ್ಟೆ ಕಟ್ಟುತ್ತಾರೆ, ಆಮೇಲೆ ಸೀಟಿ ಊದುತ್ತಾರೆ. ಸೀಟಿಯನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ, ಗಾಳಿ ಬೀಸಿದ ಕಡೆಗೆ ಹೋಗಿಬಿಡುತ್ತದೆ. ನಂಬಿಕೆ ಇರುವುದು ಬಟ್ಟೆಯ ಮೇಲೆ. ಹುಲ್ಲಿಗೆ, ಸೌದೆಗೆ ಹೊರಟ ಹೆಂಗಸರು ದಾರಿಯಲ್ಲಿ ಸಿಕ್ಕಿದವರನ್ನು ಕೇಳುವುದು ಒಂದೇ ಮಾತು: “ಬಟ್ಟೆ ಕಟ್ಟವ್ರಾ?” ಇಲ್ಲ ಅಂದರೆ ಮುಂದೆ ಹೋಗುತ್ತಾರೆ. ಹೌದು ಅಂದರೆ ಅಲ್ಲೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ಕಣ್ಣು ಮಂದವಾದವರೂ ಇರುವುದರಿಂದ, ಕೇಳಿದವರಿಗೆ ನೋಡಿ ಹೇಳುವುದು ಆ ಊರಿನ ಮರ್ಯಾದೆ.

ಚಿಕ್ಕಮ್ಮನ ಪಕ್ಕದ ಮನೆಯ ಹೆಂಗಸನ್ನು ನಾನು ಅಕ್ಕ ಅನ್ನುತ್ತಿದ್ದೆ. ನಲವತ್ತೈದರ ಆಸುಪಾಸು, ಮನೆಮಾತು ತೆಲುಗು, ನನ್ನ ಜೊತೆ ಕನ್ನಡ. ಎರಡು ಸೀಮೆಹಸು ಕಟ್ಟಿದ್ದಳು. ಎರಡು ಹೊತ್ತೂ ಡೈರಿಗೆ ಹಾಲು ಹಾಕುವುದು, ನಡುವೆ ಹುಲ್ಲು ತರುವುದು, ಅವಳ ದಿನವೆಲ್ಲ ಅದೇ. ಬಂಡೆಯ ಬದಿಯಲ್ಲಿ ಯಂತ್ರಕ್ಕೆ ಬಿಟ್ಟ ನೀರು ಹರಿದು ಸದಾ ಹಸಿ ಹುಲ್ಲಿರುತ್ತಿತ್ತು. ಹೊರೆ ಹೊತ್ತು ವಾಪಸು ಬರುವಾಗ ನನ್ನ ಹಿಂದೆ ನಿಂತು ಟ್ಯಾಬ್ ನೋಡುತ್ತಿದ್ದಳು.

“ಏನ್ ಟೀಚರಮ್ಮ, ಬೆಳಿಗ್ಗೆಯಿಂದ ಉಜ್ಜುತಾ ಇದ್ದೀಯ, ಕೈಗೆ ಒಂಚೂರೂ ಬಣ್ಣ ಅಂಟಿಲ್ವಲ್ಲ?”

“ಇದು ಅಂಟೋ ಬಣ್ಣ ಅಲ್ಲಕ್ಕ.”

“ಅಂಟದೇ ಇರೋದು ಎಂಥ ಬಣ್ಣ. ಹೋಗ್ಲಿ, ನಮ್ ಹಸಾನೂ ಒಂದು ಬರಿ ಅದ್ರಾಗೆ. ಹುಲ್ ಕೇಳ್ದೆ ಇರೋ ಹಸ ಒಂದಾದ್ರೂ ಇರ್ಲಿ ನನ್ ಪಾಲಿಗೆ.”

ನನ್ನದೊಂದು ಚಾಳಿಯನ್ನು ಇಲ್ಲಿ ಹೇಳಿಬಿಡಬೇಕು. ಹಸಿರು, ಬೂದು ತುಂಬಿದ ಚಿತ್ರಕ್ಕೆ ಕೊನೆಯಲ್ಲಿ ಎಲ್ಲಾದರೂ ಒಂದು ಕಡೆ ಚಿಟಿಕೆ ಕೆಂಪು ಇಡುತ್ತೇನೆ. ಒಗ್ಗರಣೆಗೆ ಒಂದು ಒಣ ಮೆಣಸಿನಕಾಯಿ ಹಾಕಿದ ಹಾಗೆ. ಆಗ ಕಣ್ಣು ಅಲ್ಲಿಗೆ ಹೋಗುತ್ತದೆ, ಮಿಕ್ಕದ್ದೆಲ್ಲ ಅದರ ಸುತ್ತ ಕೂರುತ್ತದೆ. ಟ್ಯಾಬ್‌ನಲ್ಲಿ ಇದಕ್ಕೆ ಧೈರ್ಯವೂ ಬೇಡ. ಬೇರೆ ಪದರದಲ್ಲಿ ಇಟ್ಟು ನೋಡಬಹುದು, ಒಪ್ಪದಿದ್ದರೆ ತೆಗೆಯಬಹುದು, ಕೆಳಗಿನ ಚಿತ್ರಕ್ಕೆ ಏನೂ ಆಗುವುದಿಲ್ಲ.

ಆ ಭಾನುವಾರ ಹತ್ತು ಗಂಟೆಗೆ ಹೋಗಿ ಕೂತಾಗ ಪೈಪು ಬರಿದಾಗಿತ್ತು. ಭಾನುವಾರ ಬಂಡೆಗೆ ರಜೆ ಎಂದೇ ಎಲ್ಲರ ಲೆಕ್ಕ, ಬಟ್ಟೆಯ ವಿಚಾರವೇ ಇಲ್ಲ. ಚಿತ್ರ ಚೆನ್ನಾಗಿ ಕೂಡಿಬಂತು. ಬಿಸಿಲು ಏರಿದಂತೆ ಪರದೆ ಕಾಣಿಸದಾಗುತ್ತದೆ, ಅದಕ್ಕೆ ನಾನು ದುಪಟ್ಟಾವನ್ನು ತಲೆಯ ಮೇಲಿಂದ ಟ್ಯಾಬ್‌ವರೆಗೆ ಇಳಿಬಿಟ್ಟು ಗುಡಾರದ ಹಾಗೆ ಮಾಡಿಕೊಂಡು ಬರೆಯುತ್ತೇನೆ. ಕಿವಿಯಲ್ಲಿ ಇಯರ್‌ಫೋನ್. ಕೊನೆಗೆ ಚಿತ್ರದಲ್ಲಿ ಆ ಪೈಪಿನ ತುದಿಗೆ ಒಂದು ಕೆಂಪು ಬಟ್ಟೆ ಇಟ್ಟೆ. ಗಾಳಿಗೆ ಸ್ವಲ್ಪ ಮಡಚಿಕೊಂಡಿರುವಂತೆ, ಗಂಟು ಕಾಣುವಂತೆ. ಇಡೀ ಗುಡ್ಡ ಉಸಿರಾಡಿದ ಹಾಗಾಯಿತು. ‘ನೋಡಿ ಬರೆದದ್ದು’ ಎಂದು ಹಾಕಿ ಗುಂಪಿಗೂ ನನ್ನ ಸ್ಟೇಟಸ್‌ಗೂ ಕಳಿಸಿದೆ. ಆಗ ಹನ್ನೊಂದು ನಲವತ್ತು.

ಆಮೇಲೂ ನಾನು ಏಳಲಿಲ್ಲ. ಬಂಡೆಯ ನೆರಳಿನ ಅಂಚು ತಿದ್ದುತ್ತ ಕೂತಿದ್ದೆ. ಸುಮಾರು ಹನ್ನೆರಡಕ್ಕೆ ದುಪಟ್ಟಾದ ಹೊರಗೆ ಎರಡು ಪಾದ ಬಂದು ನಿಂತವು. ಕಾಲುಂಗುರ ನೋಡಿ ಅಕ್ಕ ಅಂತ ಗೊತ್ತಾಯಿತು. ಒಂದು ಕಿವಿಯ ಇಯರ್‌ಫೋನ್ ತೆಗೆದೆ.

“ಬಟ್ಟೆ ಕಟ್ಟವ್ರೇನಮ್ಮ?” ಅಂದಳು.

“ಇಲ್ಲಕ್ಕ, ಹೋಗು,” ಅಂದೆ.

ಪಾದಗಳು ಹೋದವು. ಇಯರ್‌ಫೋನ್ ಮತ್ತೆ ಸಿಕ್ಕಿಸಿಕೊಂಡೆ.

ಈ ಎರಡು ಮಾತನ್ನು ನಾನು ಎಷ್ಟು ಸಲ ಹಿಂದಕ್ಕೆ ತಿರುಗಿಸಿದ್ದೇನೋ ಗೊತ್ತಿಲ್ಲ. ತರಗತಿಯಲ್ಲಿ ಡಸ್ಟರ್ ಬಿದ್ದರೆ ಸಾಕು, ಮೊದಲು ನೆನಪಿಗೆ ಬರುವುದು ಸ್ಫೋಟವಲ್ಲ, ಆ ಪಾದಗಳು. ಪ್ರತಿ ಸಲವೂ ದುಪಟ್ಟಾ ಎತ್ತಲು ನೋಡುತ್ತೇನೆ. ಎತ್ತಲಿಲ್ಲ. ಹತ್ತು ಗಂಟೆಗೆ ಕಂಡದ್ದನ್ನು ಹನ್ನೆರಡಕ್ಕೆ ಹೇಳಿದೆ.

ಹದಿನೈದು ನಿಮಿಷ ಕಳೆದಿರಬಹುದು. ಕೂತ ನೆಲ ಒಮ್ಮೆ ಮೇಲೆದ್ದು ಕೂತಿತು. ಸದ್ದು ಆಮೇಲೆ ಬಂತು, ಇಯರ್‌ಫೋನಿನ ಒಳಕ್ಕೂ ಬಂತು. ದುಪಟ್ಟಾ ಕಿತ್ತೆಸೆದು ನೋಡಿದರೆ ಗುಡ್ಡದ ಮುಂದೆ ಬಿಳಿ ಧೂಳಿನ ಗೋಡೆ. ಆಕಾಶದಿಂದ ಏನೋ ಸುಯ್ಯೆಂದು ಇಳಿದು ನನ್ನ ಬ್ಯಾಗಿನ ಮೇಲೆ ಬಿತ್ತು. ತೆಂಗಿನಕಾಯಿಯಷ್ಟು ದೊಡ್ಡ ಕಲ್ಲು. ಬ್ಯಾಗು ಒಂದು ಮೊಳ ದೂರದಲ್ಲಿತ್ತು. ಅದರೊಳಗಿದ್ದ ನೀರಿನ ಬಾಟಲಿ ಒಡೆದು ನೀರು ಮಣ್ಣಿಗೆ ಇಳಿಯುವುದನ್ನು ನೋಡುತ್ತ ನಿಂತೆ. ಇನ್ನೂ ಕಲ್ಲು ಬೀಳಬಹುದು, ಮರದ ಬುಡಕ್ಕೆ ಒತ್ತಿಕೊಳ್ಳಬೇಕು ಎಂಬುದೇನೂ ಹೊಳೆಯಲಿಲ್ಲ. ಟ್ಯಾಬ್ ಎದೆಗೆ ಅವುಚಿಕೊಂಡಿದ್ದೆ. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

ಆಮೇಲೆ ಓಡಿದೆ. ಟ್ಯಾಬ್ ಎಲ್ಲಿ ಬಿಟ್ಟೆನೋ ನೆನಪಿಲ್ಲ, ಸಂಜೆ ಯಾರೋ ಚಿಕ್ಕಮ್ಮನ ಮನೆಗೆ ತಂದುಕೊಟ್ಟರಂತೆ. ಕಾಲುದಾರಿಯ ಬಾಯಲ್ಲಿ ಮುಗ್ಗರಿಸಿ ಆ ಪೈಪನ್ನು ಹಿಡಿದುಕೊಂಡೆ. ಬಿಸಿಲಿಗೆ ಕಾದ ಬರಿಯ ಕಬ್ಬಿಣ, ಅಂಗೈ ಸುಟ್ಟಿತು. ಬಟ್ಟೆ ಕಟ್ಟುವ ಜಾಗದಲ್ಲೇ ಹಿಡಿದಿದ್ದೆ. ಅಲ್ಲಿ ಬಟ್ಟೆಯೂ ಇರಲಿಲ್ಲ, ಗಂಟೂ ಇರಲಿಲ್ಲ.

ಅಕ್ಕ ಹುಲ್ಲಿನ ಮೇಲೆ ಒರಗಿ ಕೂತಿದ್ದಳು, ಕುಡುಗೋಲು ಇನ್ನೂ ಕೈಯಲ್ಲೇ ಇತ್ತು. ಎಡಗಾಲು ಮೊಣಕಾಲಿನ ಕೆಳಗೆ ಕಾಲಿನ ಹಾಗೆ ಕಾಣುತ್ತಿರಲಿಲ್ಲ. ಅವಳು ಅಳುತ್ತಿರಲಿಲ್ಲ. “ನೀಳ್ಳು, ನೀಳ್ಳು,” ಎಂದು ತೆಲುಗಿನಲ್ಲಿ ನೀರು ಕೇಳುತ್ತಿದ್ದಳು. ನನ್ನ ಬಳಿ ನೀರಿರಲಿಲ್ಲ. ಬಂಡೆಯ ಕಡೆಯಿಂದ ಇಬ್ಬರು ಓಡಿ ಬಂದರು. ಒಬ್ಬ ಅಲ್ಲಿಯ ಮೇಸ್ತ್ರಿ. ಅವಳನ್ನು ಟ್ರ್ಯಾಕ್ಟರಿಗೆ ಎತ್ತಿ ಹಾಕುವಾಗ ಅವನು, “ಭಾನುವಾರ ಯಾಕಮ್ಮಾ ಬರಕ್ಕೋದೆ,” ಎಂದು ಮೆಲ್ಲಗೆ ಗೊಣಗಿದ. ಬಟ್ಟೆಯ ಸುದ್ದಿ ಆಗ ಅವನ ಬಾಯಲ್ಲಿ ಬರಲಿಲ್ಲ. ಕೋಲಾರದ ಆಸ್ಪತ್ರೆಯಲ್ಲಿ ಅದೇ ಸಂಜೆ ಕಾಲು ತೆಗೆದರು.

ಬಟ್ಟೆಯ ಸುದ್ದಿ ಎದ್ದದ್ದು ಮೂರನೆಯ ದಿನ. ಚಿಕ್ಕಮ್ಮ ಫೋನ್ ಮಾಡಿದಳು.

“ಲೇ, ಬಂಡೆಯೋರು ನಿನ್ನ ಚಿತ್ರ ಊರಲ್ಲೆಲ್ಲ ತೋರುಸ್ತಾ ಅವ್ರೆ ಕಣೇ. ಬಟ್ಟೆ ಕಟ್ಟಿದ್ವಿ, ನೋಡ್ರಿ, ಮೇಡಮ್ಮೇ ಎದುರಿಗೆ ಕೂತು ಬರ್ದವ್ರೆ, ಟೈಮೂ ಐತೆ ಅಂತ.”

“ಅದು ನಾನೇ ಇಟ್ಟಿದ್ದು ಚಿಕ್ಕಮ್ಮ. ಬಟ್ಟೆ ಇರ್ಲಿಲ್ಲ.”

“ಇರ್ದಿದ್ದನ್ನ ಯಾಕೇ ಇಡ್ತೀಯ?”

ಚೆನ್ನಾಗಿ ಕಾಣುತ್ತದೆ ಅಂದೆ. ಅವಳು, “ಹಸುಗಳ್ಗೆ ನಾನೇ ಹುಲ್ ಹಾಕ್ತಾ ಇದೀನಿ ಬುಡು,” ಎಂದು ಫೋನ್ ಇಟ್ಟಳು. ಸ್ಟೇಟಸ್ಸನ್ನು ಆ ಕ್ಷಣವೇ ಅಳಿಸಲು ಹೋದೆ. ಅದು ಯಾವತ್ತೋ ತಾನಾಗಿ ಹೋಗಿತ್ತು. ಉಳಿದದ್ದು ಊರವರ ಫೋನುಗಳಲ್ಲಿ.

ವಿಚಾರಣೆ ಪಂಚಾಯಿತಿ ಕಟ್ಟಡದ ಒಂದು ಕೋಣೆಯಲ್ಲಿ ನಡೆಯಿತು. ಅಧಿಕಾರಿ ನನಗಿಂತ ಸ್ವಲ್ಪ ದೊಡ್ಡವರು, ಸೌಮ್ಯ ಮನುಷ್ಯ. ಮೇಸ್ತ್ರಿ ಗೋಡೆಗೆ ಒರಗಿ ನಿಂತಿದ್ದ.

“ಸೀಟಿ ಊದಿದ್ದು ಕೇಳಿಸ್ತಾ ಮೇಡಂ?”

“ಗೊತ್ತಿಲ್ಲ ಸರ್. ಇಯರ್‌ಫೋನ್ ಹಾಕಿದ್ದೆ.”

“ಬಟ್ಟೆ?”

“ಇರ್ಲಿಲ್ಲ. ಅದು ನನ್ನ ಅಭ್ಯಾಸ ಸರ್, ಎಲ್ಲ ಚಿತ್ರದಲ್ಲೂ ಒಂದು ಕೆಂಪು ಇಡ್ತೀನಿ.”

ನಂಬಿಸಬೇಕೆಂದು ಟ್ಯಾಬ್ ತೆಗೆದು ಒಂದೊಂದೇ ತೋರಿಸಿದೆ. ಕುರುಡುಮಲೆಯ ಗುಡಿಯ ಗೋಡೆಗೆ ಒಣಗಲು ಹಾಕಿದ ಕೆಂಪು ಸೀರೆ: ಅಲ್ಲಿ ಸೀರೆ ಇರಲಿಲ್ಲ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕೆಂಪು ಕೊಡೆ: ಇರಲಿಲ್ಲ. ಮುಳಬಾಗಿಲು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೆಂಪು ಬಕೆಟ್ಟು, ವಕ್ಕಲೇರಿಯ ರಾಗಿ ಹೊಲದಲ್ಲಿ ಕೆಂಪು ಟವೆಲ್ಲು ಸುತ್ತಿದ ತಲೆ. ಇರಲಿಲ್ಲ, ಇರಲಿಲ್ಲ ಎಂದು ಹೇಳುತ್ತ ಹೋದೆ. ಎಲ್ಲದರ ಕೆಳಗೂ ‘ನೋಡಿ ಬರೆದದ್ದು’ ಎಂದಿತ್ತು.

ಅಧಿಕಾರಿ ತಾಳ್ಮೆಯಿಂದ ಎಲ್ಲವನ್ನೂ ನೋಡಿದರು. “ಇಲ್ದಿದ್ದನ್ನ ಇದೆ ಅಂತ ಬರೀತೀರಿ, ನೋಡಿ ಬರೆದೆ ಅಂತಾನೂ ಹಾಕ್ತೀರಿ. ಇವತ್ತು ಬಂದು ಇರ್ಲಿಲ್ಲ ಅಂತೀರಿ. ನಾನು ಯಾವುದನ್ನ ಬರ್ಕೊಳ್ಳಲಿ ಹೇಳಿ?” ಅಂದರು. ಗದರಿಕೆಯಲ್ಲ, ನಿಜವಾಗಿ ಕೇಳಿದ್ದು.

“ಬಾಳ ಚೆನ್ನಾಗ್ ಬರ್ದವ್ರೆ ಸಾರ್, ಗಂಟು ಸಮೇತ,” ಎಂದ ಮೇಸ್ತ್ರಿ. ನನ್ನ ಮುಖ ನೋಡಲಿಲ್ಲ.

ನಾನು ಪೈಪಿನ ವಿಷಯ ಹೇಳಿದೆ, ಅಂಗೈ ಸುಟ್ಟದ್ದನ್ನು, ಗಂಟು ಇಲ್ಲದ್ದನ್ನು. ಸ್ಫೋಟದ ಗಾಳಿಗೆ ಹಾರಿರಬಹುದಲ್ಲವೇ ಎಂದರು. ಆಗ ಅಕ್ಕ ಬಂದು ಕೇಳಿದ್ದನ್ನು ಹೇಳಬೇಕಿತ್ತು. ಅವಳು ನೋಡದೆ ನುಗ್ಗಿದವಳಲ್ಲ, ಊರಿನ ಮರ್ಯಾದೆಯಂತೆ ಕೇಳಿಯೇ ಹೋದವಳು ಎನ್ನಲು ಅದೊಂದೇ ಮಾತು ಸಾಕಿತ್ತು. ಬಾಯಿಯ ತನಕ ಬಂತು. ಕೇಳಿದಾಗ ನೀವು ನೋಡಿ ಹೇಳಿದಿರಾ ಎಂಬುದು ಮುಂದಿನ ಪ್ರಶ್ನೆ ಎಂದು ಗೊತ್ತಿತ್ತು. ನುಂಗಿಕೊಂಡೆ. ನನ್ನ ಹೇಳಿಕೆ ಅಷ್ಟಕ್ಕೇ ಮುಗಿಯಿತು. ಸಹಿ ಹಾಕಿ ಎದ್ದು ಬಂದೆ.

ಎಂಟು ದಿನ ಶಾಲೆಗೆ ಹೋದೆ, ಪಾಠ ಮಾಡಿದೆ. ಒಂಬತ್ತನೆಯ ದಿನ ಅಕ್ಕನನ್ನು ಮನೆಗೆ ಕರೆತಂದರೆಂದು ತಿಳಿದು ಚಿಕ್ಕಮ್ಮನ ಊರಿಗೆ ಹೋದೆ. ಅವಳು ನಡುಮನೆಯ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಗಂಡ ಬಾಗಿಲ ಬಳಿ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದ. ಕೂರುವ ಮುಂಚೆಯೇ ಹೇಳಿಬಿಟ್ಟೆ.

“ಅಕ್ಕ, ಅವತ್ತು ನೀನು ನನ್ನ ಕೇಳಿದ್ದೆ. ಬಟ್ಟೆ ಕಟ್ಟವ್ರಾ ಅಂತ. ಆ ಮಾತನ್ನ ನಾನು ಅವರಿಗೆ ಹೇಳ್ಲಿಲ್ಲ. ನಾಳೆ ಹೋಗಿ ಹೇಳ್ತೀನಿ.”

ಅವಳು ನನ್ನನ್ನೇ ನೋಡಿದಳು. “ನಾನು ಕೇಳಿದ್ನಾ?”

“ಹೂಂ. ನಾನು ಇಲ್ಲ ಅಂದೆ.”

“ನಂಗ್ ನೆಪ್ಪಿಲ್ಲ ಕಣಮ್ಮ. ಮನೆ ಬುಟ್ಟಿದ್ದು ನೆಪ್ಪೈತೆ. ಆಮೇಲೆ ಆಸ್ಪತ್ರೆ.” ದಿಂಬು ಸರಿಮಾಡಿಕೊಂಡು ಹೇಳಿದಳು: “ಬಟ್ಟೆ ಇತ್ತಲ್ಲ. ನಾನೇ ಗ್ಯಾನ ಇಲ್ದೆ ಹೋದೆ. ಮೊನ್ನೆ ಸಾಹೇಬ್ರು ಆಸ್ಪತ್ರೆಗೇ ಬಂದಿದ್ರು, ಹಂಗೇ ಹೇಳಿ ಹೆಬ್ಬೆಟ್ಟು ಒತ್ತಿದೆ.”

“ಯಾರು ಹೇಳಿದ್ದು ಇತ್ತು ಅಂತ?”

“ಯಾರ್ ಯಾಕ್ ಹೇಳ್ಬೇಕು? ಈಗ ಕಣ್ ಮುಂದೆ ಬತ್ತದೆ. ಬೇವಿನ ಮರದ ಎಡಗಡೆ, ಗಾಳೀಗೆ ಒಂಚೂರ್ ಮಡಚ್ಕೊಂಡು.”

ಆ ಪೈಪು ಇರುವುದು ಬೇವಿನ ಮರದ ಬಲಗಡೆ. ಚಿತ್ರದಲ್ಲಿ ಅದನ್ನು ಎಡಕ್ಕೆ ಸರಿಸಿದ್ದು ನಾನು. ಬಲಗಡೆ ಮರ ದಟ್ಟವಾಗಿ ಕಂಬ ಕಳೆದುಹೋಗುತ್ತಿತ್ತು, ಅದಕ್ಕೆ ಪೆನ್ನಿನಿಂದ ಸುತ್ತುಗಟ್ಟಿ ಎತ್ತಿ ಆ ಕಡೆ ಇಟ್ಟಿದ್ದೆ. ಮದುವೆಯಾಗಿ ಬಂದಾಗಿನಿಂದ ದಿನಾ ಆ ದಾರಿಯಲ್ಲಿ ಓಡಾಡಿದ ಹೆಂಗಸು ಅದನ್ನು ಎಡಗಡೆ ಎನ್ನುತ್ತಿದ್ದಳು. ಆಸ್ಪತ್ರೆಗೆ ನೋಡಲು ಹೋದವರೆಲ್ಲ ಫೋನ್ ತೆಗೆದು ಅವಳ ಮುಖದ ಮುಂದೆ ಹಿಡಿದಿದ್ದರು.

“ಅಕ್ಕ, ಕಂಬ ಮರದ ಬಲಕ್ಕಿದೆ.”

“ಎಡಕ್ಕಲ್ವಾ?” ಗಂಡನ ಕಡೆ ತಿರುಗಿದಳು.

“ಬಲಕ್ಕೇ ಕಣೇ. ಎಷ್ಟ್ ವರ್ಷದಿಂದ ನೋಡ್ತಿದ್ದೀಯ,” ಎಂದ ಅವನು, ಸೊಪ್ಪಿನಿಂದ ತಲೆ ಎತ್ತದೆ. “ಬುಡಮ್ಮ, ಹೆಬ್ಬೆಟ್ಟು ಒತ್ತಿ ಆಗೋಯ್ತು. ಮತ್ತೆ ಅದನ್ನ ಕೆದಕಿ ಯಾರು ಓಡಾಡೋರು, ಇವಳನ್ನ ಎತ್ಕೊಂಡು?”

ಅಕ್ಕ ಕಣ್ಣು ಮುಚ್ಚಿಕೊಂಡಳು. ಮನಸ್ಸಿನಲ್ಲೇ ಮನೆಯಿಂದ ಹೊರಟು ಆ ದಾರಿ ನಡೆಯುತ್ತಿದ್ದಾಳೆ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ತುಂಬ ಹೊತ್ತಾದ ಮೇಲೆ, “ಎಡಕ್ಕೇ ಕಾಣ್ತದಮ್ಮ. ಬಲಕ್ಕೆ ತಿರುಗ್ಸಕ್ಕೆ ಆಗ್ತಿಲ್ಲ,” ಅಂದಳು.

ಉಳಿದದ್ದನ್ನೂ ಹೇಳಿದೆ. ದುಪಟ್ಟಾ ಎತ್ತಲಿಲ್ಲ, ನೋಡದೆ ಇಲ್ಲ ಅಂದೆ ಎಂದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದರೆ ಒಳ್ಳೆಯದು ಎಂದುಕೊಂಡಿದ್ದೆ. ಅವಳು ಲೆಕ್ಕ ಬಿಡಿಸುವವಳ ಹಾಗೆ ಯೋಚಿಸಿದಳು.

“ಬಟ್ಟೆ ಇರ್ಲಿಲ್ಲ ಅಂತೀಯ. ಹಂಗಾದ್ರೆ ಎತ್ತಿ ನೋಡಿದ್ರೂ ಇಲ್ಲ ಅಂತಾನೇ ಅನ್ತಿದ್ದೆ. ನಿಂದೇನೂ ತಪ್ಪಿಲ್ಲ. ಬಟ್ಟೆ ಇದ್ದಿದ್ರೆ ಮಾತ್ರ ನೀನು ಕಳಿಸ್ದಂಗೆ.”

ಅವಳು ನನ್ನನ್ನು ಸಮಾಧಾನ ಮಾಡಲೆಂದೇ ಹೇಳಿದ್ದು. ನನಗೆ ಅದೇ ಭಯವಾಯಿತು. ಬಟ್ಟೆ ಇರಲಿಲ್ಲ ಎಂದಾದರೆ ಅವಳೂ ಉಳಿಯುತ್ತಾಳೆ, ನಾನೂ ಉಳಿಯುತ್ತೇನೆ. ಇತ್ತು ಎಂದಾದರೆ ಇಬ್ಬರದೂ ತಪ್ಪು. ಬಟ್ಟೆ ಇರಬಾರದು ಎಂದು ಈಗ ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿರುವುದು ನನಗೆ. ಅಂಗೈಗೆ ತಾಗಿದ ಆ ಬರಿಯ ಕಬ್ಬಿಣವನ್ನು ಎಷ್ಟು ಸಲ ನೆನೆಸಿಕೊಂಡೆ ಎಂದರೆ, ನೆನಪಿಗೂ ನಾನು ಏನಾದರೂ ಬಣ್ಣ ಹಚ್ಚಿದ್ದೇನೆಯೇ ಎಂಬ ಅನುಮಾನ ಅಲ್ಲೇ, ಅವಳ ಮಂಚದ ಪಕ್ಕದಲ್ಲೇ, ಶುರುವಾಯಿತು.

“ನಾಳೆ ಬರ್ಕೊಡ್ತೀನಕ್ಕ, ಎಲ್ಲಾನೂ,” ಅಂದೆ.

“ಬರ್ಕೊಡು. ಆದ್ರೆ ನಾನು ಕೇಳ್ದೆ ಅಂತ ಬರೀಬ್ಯಾಡ. ನಂಗ್ ನೆಪ್ಪಿಲ್ಲ. ಕೇಳಿದ್ಲು ಅಂತ ನೀನು ಅಂತೀಯ, ಹಂಗ್ ಬರಿ. ಸುಳ್ಳಾಗ್ಬಾರ್ದು.”

ಹಾಗೇ ಬರೆದೆ. ಎರಡು ಪುಟ, ಕೈಬರಹದಲ್ಲಿ. ಅವಳು ಕೇಳಿದಳೆಂದು ನಾನು ಹೇಳುತ್ತೇನೆ, ಅವಳಿಗೆ ನೆನಪಿಲ್ಲ; ನಾನು ನೋಡದೆ ಉತ್ತರಿಸಿದೆ; ಕಂಬವನ್ನು ಎಡಕ್ಕೆ ಸರಿಸಿದ್ದೂ ಬಟ್ಟೆ ಇಟ್ಟದ್ದೂ ನಾನು. ಅಧಿಕಾರಿ ನಿಂತುಕೊಂಡೇ ಓದಿದರು. ಗಾಯಗೊಂಡವರೇ ಬಟ್ಟೆ ನೋಡಿದೆ ಎಂದಿರುವಾಗ ಇದರಿಂದ ಹೆಚ್ಚೇನೂ ಆಗಲಿಕ್ಕಿಲ್ಲ ಎಂದರು. ಆದರೂ ಪುಟಗಳಿಗೆ ಮೊಹರು ಒತ್ತಿ ಕಡತದಲ್ಲಿ ಸೇರಿಸಿದರು, ಚಿತ್ರದ ಪ್ರತಿಯ ಹಿಂದೆ.